ಇದನ್ನು ತೆಗೆದುಬಿಟ್ಟರೆ ಏನಾಗುತ್ತದೆ?

ಅಳತೆ ಟೇಪಿನ ತುದಿಯಲ್ಲಿರುವ ಲೋಹದ ಕೊಕ್ಕೆ ಯಾವಾಗಲೂ ಸ್ವಲ್ಪ ಸಡಿಲ. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಹೊಸ ಟೇಪಿನಲ್ಲೂ ಹೀಗೇ. ಮಾಡಿದವರು ಸರಿಯಾಗಿ ಕೂರಿಸಿಲ್ಲ ಅಂದುಕೊಂಡು ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಬಿಗಿ ಮಾಡಿದರೆ, ಆವತ್ತಿನಿಂದ ಆ ಟೇಪು ತಪ್ಪು ಅಳತೆ ಕೊಡಲು ಶುರು ಮಾಡುತ್ತದೆ.

ಯಾಕೆ ಅಂತ ನೋಡೋಣ. ಹಲಗೆಯ ಉದ್ದ ಅಳೆಯುವಾಗ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ ಟೇಪನ್ನು ಎಳೆಯುತ್ತೇವೆ. ಆಗ ಸೊನ್ನೆ ಇರಬೇಕಾದ್ದು ಕೊಕ್ಕೆಯ ಒಳಮೈಯಲ್ಲಿ. ಕಿಟಕಿಯ ಒಳಗಲ ಅಳೆಯುವಾಗ ಕೊಕ್ಕೆಯನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತೇವೆ. ಆಗ ಸೊನ್ನೆ ಇರಬೇಕಾದ್ದು ಕೊಕ್ಕೆಯ ಹೊರಮೈಯಲ್ಲಿ. ಎರಡರ ನಡುವಿನ ವ್ಯತ್ಯಾಸ ಕೊಕ್ಕೆಯ ತಗಡಿನ ದಪ್ಪದಷ್ಟು, ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕೊಕ್ಕೆ ಜಾರುವುದೂ ಸರಿಯಾಗಿ ಅಷ್ಟೇ. ಎಳೆದಾಗ ತನ್ನ ದಪ್ಪದಷ್ಟು ಹೊರಗೆ ಬರುತ್ತದೆ, ಒತ್ತಿದಾಗ ಅಷ್ಟೇ ಒಳಗೆ ಹೋಗುತ್ತದೆ. ಅಂದರೆ ಯಾವ ಕಡೆಯಿಂದ ಅಳೆದರೂ ಸೊನ್ನೆ ತಾನಾಗಿಯೇ ತನ್ನ ಜಾಗಕ್ಕೆ ಸರಿದುಕೊಳ್ಳುತ್ತದೆ. ಕೊಕ್ಕೆಯ ನಡುವೆ ಒಂದು ಸೀಳೂ ಇರುತ್ತದೆ. ಅದನ್ನು ಮೊಳೆಯ ತಲೆಗೆ ಸಿಕ್ಕಿಸಿದರೆ ಇನ್ನೊಂದು ತುದಿ ಹಿಡಿಯಲು ಬೇರೆಯವರು ಬೇಕಿಲ್ಲ.

ನಮ್ಮ ಸುತ್ತಲಿನ ವಸ್ತುಗಳಲ್ಲಿ, ನಮ್ಮ ಮೈಯಲ್ಲಿ, ಹೊಲಗದ್ದೆಗಳಲ್ಲಿ ಇಂಥವು ಎಷ್ಟೋ ಇವೆ. ನೋಡಿದರೆ ದೋಷ ಅನಿಸುತ್ತದೆ, ಇಲ್ಲವೇ ಸುಮ್ನೆ ಇದೆ ಅನಿಸುತ್ತದೆ. ಅವುಗಳ ಕೆಲಸ ಹೆಚ್ಚಾಗಿ ಯಾವುದೋ ತೊಂದರೆಯನ್ನು ತಡೆಯುವುದು. ತಡೆದ ತೊಂದರೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ತಡೆದವರ ಕೆಲಸವೂ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಇದನ್ನು ತೆಗೆದುಬಿಟ್ಟರೆ ಏನಾಗುತ್ತದೆ ಅಂತ ಕೇಳಬೇಕು. ಸಾಧ್ಯವಾದರೆ ತೆಗೆದೇ ನೋಡಬೇಕು.

ವಸ್ತುಗಳು: ಬೇಕೆಂದೇ ಮಾಡಿದ್ದು

ಮೂರು ಪಿನ್ನಿನ ಪ್ಲಗ್ ತೆಗೆದುಕೊಳ್ಳಿ. ಅರ್ಥಿಂಗ್ ಪಿನ್ ಉಳಿದೆರಡಕ್ಕಿಂತ ಉದ್ದ. ಪ್ಲಗ್ ಒಳಗೆ ಹೋಗುವಾಗ ಅದೇ ಮೊದಲು ತಾಗುತ್ತದೆ, ಹೊರಗೆ ಬರುವಾಗ ಅದೇ ಕೊನೆಗೆ ಬಿಡುತ್ತದೆ. ಯಂತ್ರದೊಳಗೆ ತಂತಿ ಸವೆದು ಲೋಹದ ಮೈಗೆ ಕರೆಂಟು ತಗುಲಿದ್ದರೆ, ಅದು ನಮ್ಮ ಕೈಗೆ ಬರುವ ಬದಲು ನೆಲಕ್ಕೆ ಇಳಿಯುವ ದಾರಿ ಆಗಲೇ ಸಿದ್ಧವಾಗಿರುತ್ತದೆ. ಮೂರೂ ಪಿನ್ನು ಒಂದೇ ಉದ್ದ ಇದ್ದು, ಪ್ಲಗ್ ಸ್ವಲ್ಪ ಓರೆಯಾಗಿ ಒಳಹೋದರೆ? ಕರೆಂಟು ಮೊದಲು ಬಂದು ಅರ್ಥಿಂಗ್ ಆಮೇಲೆ ಸಿಗಬಹುದು. ಆ ಒಂದು ಕ್ಷಣ ಸಾಕು. ಆ ಪಿನ್ನು ದಪ್ಪ ಇರುವುದಕ್ಕೂ ಕಾರಣವಿದೆ. ಪ್ಲಗ್ಗನ್ನು ತಿರುಗಿಸಿ ಚುಚ್ಚಲು ಹೋದರೂ ಅದು ಕರೆಂಟಿನ ತೂತಿನೊಳಗೆ ಹೋಗುವುದಿಲ್ಲ. ಕೆಲವು ಸಾಕೆಟ್‌ಗಳಲ್ಲಿ ಕರೆಂಟಿನ ತೂತುಗಳಿಗೆ ಒಳಗಿನಿಂದ ಮುಚ್ಚಳ ಇರುತ್ತದೆ. ಅದನ್ನು ಸರಿಸುವುದೂ ಇದೇ ಉದ್ದನೆಯ ಪಿನ್ನು. ಮಕ್ಕಳು ಬೇರೆ ತೂತಿಗೆ ಕಡ್ಡಿ ಹಾಕಿದರೆ ಮುಚ್ಚಳ ತೆರೆಯುವುದಿಲ್ಲ.

ಬಾಲ್ ಪೆನ್ನಿನಲ್ಲಿ ಎರಡು ಕಡೆ ತೂತು ಇರುವುದನ್ನು ಗಮನಿಸಿರಬಹುದು. ಎರಡಕ್ಕೂ ಕಾರಣ ಬೇರೆ ಬೇರೆ. ಪೆನ್ನಿನ ಮೈಮೇಲಿನ ಚಿಕ್ಕ ತೂತು ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುತ್ತದೆ. ಅದರಿಂದ ಶಾಯಿ ಸಲೀಸಾಗಿ ಇಳಿಯುತ್ತದೆ. ಕ್ಯಾಪಿನ ತುದಿಯ ತೂತು ಬರವಣಿಗೆಗೆ ಸಂಬಂಧಿಸಿದ್ದೇ ಅಲ್ಲ. ಕ್ಯಾಪು ಬಾಯಲ್ಲಿಟ್ಟುಕೊಂಡು ಕಚ್ಚುವ ಮಗು ಅದನ್ನು ಅಕಸ್ಮಾತ್ತಾಗಿ ಒಳಗೆ ಎಳೆದುಕೊಂಡು, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ, ಆಸ್ಪತ್ರೆ ತಲುಪುವವರೆಗೆ ಸ್ವಲ್ಪವಾದರೂ ಗಾಳಿ ಆಡಲಿ ಅಂತ ಬಿಟ್ಟ ದಾರಿ ಅದು. ಇದಕ್ಕೆಂದೇ ಐಎಸ್‌ಒ 11540 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೋಟಿಗಟ್ಟಲೆ ಕ್ಯಾಪುಗಳಲ್ಲಿ ಆ ತೂತಿನ ಅಗತ್ಯ ಒಂದು ಸಲವೂ ಬರುವುದಿಲ್ಲ. ಆದರೂ ಪ್ರತಿಯೊಂದರಲ್ಲೂ ಅದನ್ನು ಕೊರೆಯುತ್ತಾರಲ್ಲ, ಅದು ನನಗೆ ತುಂಬಾ ಇಷ್ಟವಾಗುವ ವಿಷಯ.

ವಿಮಾನದ ಕಿಟಕಿಯ ಕೆಳಭಾಗದಲ್ಲೂ ಒಂದು ಪುಟ್ಟ ತೂತಿದೆ. ಗಾಜಿನಲ್ಲಿ ತೂತು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಕಿಟಕಿಯಲ್ಲಿ ಮೂರು ಪದರ ಇರುತ್ತವೆ. ನಮ್ಮ ಕೈಗೆ ತಾಗುವುದು ಗೀರು ಬೀಳದಂತೆ ಕಾಯುವ ಪದರ. ತೂತಿರುವುದು ನಡುವಿನ ಪದರದಲ್ಲಿ. 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲುಭಾಗದಷ್ಟೇ ಇರುತ್ತದೆ, ಒಳಗೆ ಅದಕ್ಕಿಂತ ತುಂಬಾ ಜಾಸ್ತಿ. ಆ ತೂತಿನಿಂದಾಗಿ ನಡುವಿನ ಪದರದ ಎರಡೂ ಬದಿಗೆ ಒತ್ತಡ ಒಂದೇ ಆಗುತ್ತದೆ, ಪೂರ್ತಿ ಭಾರ ಹೊರಗಿನ ಪದರ ಹೊರುತ್ತದೆ. ನಡುವಿನದು ದಣಿಯದೆ ಮೀಸಲಾಗಿ ಉಳಿಯುತ್ತದೆ. ಹೊರಗಿನದು ಯಾವತ್ತಾದರೂ ಬಿರಿದರೆ ಆಗ ಇದರ ಸರದಿ. ಪದರಗಳ ನಡುವಿನ ತೇವ ಹೊರಹೋಗಿ ಕಿಟಕಿ ಮಂಜಾಗದೆ ಇರುವುದೂ ಈ ತೂತಿನಿಂದಲೇ.

ಎಸ್ಕಲೇಟರಿನ ಬದಿಯ ಬ್ರಷ್ಷಿಗೆ ಶೂ ಉಜ್ಜಿಕೊಳ್ಳುವವರಿಗೆ ಒಂದು ಮಾತು. ಅದು ಇರುವುದು ಕಾಲನ್ನು ದೂರ ಇಡಲು. ಮೆಟ್ಟಿಲಿಗೂ ಪಕ್ಕದ ಗೋಡೆಗೂ ನಡುವಿನ ಸಂದಿಗೆ ಚಪ್ಪಲಿಯೋ ಬಟ್ಟೆಯ ಅಂಚೋ ಸಿಕ್ಕರೆ ಎಳೆದುಕೊಳ್ಳುತ್ತದೆ. ಬ್ರಷ್ ತಾಗಿದಾಗ ಕಾಲು ತಾನಾಗಿಯೇ ಒಳಸರಿಯಲಿ ಅಂತ ಇಟ್ಟಿದ್ದಾರೆ. ದಯವಿಟ್ಟು ಅಲ್ಲಿ ಶೂ ಉಜ್ಜಬೇಡಿ.

ಇವೆಲ್ಲ ಸುಲಭದ ಉದಾಹರಣೆಗಳು. ಮಾಡಿದವರು ಯಾರೋ ಇದ್ದಾರೆ, ಅವರಿಗೆ ಒಂದು ಉದ್ದೇಶ ಇತ್ತು, ದಾಖಲೆಯೂ ಇದೆ. ನಾಣ್ಯದ ಅಂಚಿನ ಗೀರುಗಳ ಕಥೆ ಸ್ವಲ್ಪ ಬೇರೆ. ನಾಣ್ಯ ಚಿನ್ನ ಬೆಳ್ಳಿಯದಾಗಿದ್ದ ಕಾಲದಲ್ಲಿ ಅಂಚನ್ನು ತುಸು ತುಸು ಕತ್ತರಿಸಿ ಲೋಹ ಕೂಡಿಡುವ ಕಳ್ಳರಿದ್ದರು. ನಾಣ್ಯ ಅದೇ ಬೆಲೆಗೆ ಚಲಾವಣೆಯಾಗುತ್ತಿತ್ತು, ಕತ್ತರಿಸಿದ ಚೂರು ಇವರಿಗೆ ಲಾಭ. ಇಂಗ್ಲೆಂಡಿನಲ್ಲಿ 1660ರ ದಶಕದಿಂದ ಯಂತ್ರದಲ್ಲಿ ಅಚ್ಚು ಹಾಕಿ ಅಂಚಿಗೆ ಗೀರು ಅಥವಾ ಅಕ್ಷರ ಕೊಡಲು ಶುರು ಮಾಡಿದರು. ಅಂಚು ಮುಟ್ಟಿದರೆ ಗೊತ್ತಾಗಿಬಿಡುತ್ತಿತ್ತು. 1662ರ ದೊಡ್ಡ ಬೆಳ್ಳಿ ನಾಣ್ಯದ ಅಂಚಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಲಂಕಾರವೂ ಹೌದು ರಕ್ಷಣೆಯೂ ಹೌದು ಎಂಬ ಅರ್ಥದ ಮಾತನ್ನೇ ಕೆತ್ತಿದ್ದರು. 1696ರಲ್ಲಿ ಲಂಡನ್ನಿನ ಟಂಕಸಾಲೆಯ ಹೊಣೆ ಹೊತ್ತ ಐಸಾಕ್ ನ್ಯೂಟನ್, ಹೀಗೆ ಅಂಚು ಕತ್ತರಿಸುವವರನ್ನೂ ಖೋಟಾ ನಾಣ್ಯ ಮಾಡುವವರನ್ನೂ ಬೆನ್ನಟ್ಟಿ ಹಿಡಿಸಿದ.

ಈಗಿನ ನಾಣ್ಯದ ಅಂಚು ಕತ್ತರಿಸಿದರೆ ಸಿಗುವ ಲೋಹಕ್ಕೆ ಬೆಲೆಯೇ ಇಲ್ಲ. ಆ ಉದ್ದೇಶ ಸತ್ತು ಎಷ್ಟೋ ಕಾಲವಾಯಿತು. ಗೀರು ಮಾತ್ರ ಉಳಿದಿದೆ, ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಕಣ್ಣು ಕಾಣದವರು ಯಾವ ನಾಣ್ಯ ಯಾವುದು ಅಂತ ಬೆರಳಲ್ಲೇ ಗುರುತು ಹಿಡಿಯಲು ಅದು ನೆರವಾಗುತ್ತದೆ. ಹಳೆಯ ಕೆಲಸ ಹೋಗಿ ಹೊಸ ಕೆಲಸ ಸಿಗುವುದು ನಮ್ಮ ಮೈಯಲ್ಲೂ ನಡೆಯುತ್ತದೆ.

ಮೈಯನ್ನು ಯಾರು ಮಾಡಿದರು ಅಂತ ಕೇಳುವ ಹಾಗಿಲ್ಲ

ಚಳಿಗೆ, ಭಯಕ್ಕೆ ಮೈನವಿರು ಏಳುತ್ತದಲ್ಲ, ಪ್ರತಿ ಕೂದಲಿನ ಬುಡಕ್ಕೂ ಅಂಟಿಕೊಂಡಿರುವ ಪುಟ್ಟ ಸ್ನಾಯು ಅದನ್ನು ಎಳೆದು ನಿಲ್ಲಿಸುತ್ತದೆ. ಮೈತುಂಬ ತುಪ್ಪಳ ಇರುವ ಪ್ರಾಣಿಗೆ ಇದರಿಂದ ಲಾಭ. ಕೂದಲು ನಿಂತಾಗ ನಡುವೆ ಗಾಳಿ ಸಿಕ್ಕಿಕೊಂಡು ಮೈ ಬೆಚ್ಚಗಿರುತ್ತದೆ. ಹೆದರಿದ ಬೆಕ್ಕು ದೊಡ್ಡದಾಗಿ ಕಾಣುತ್ತದೆ. ನಮಗೆ ತುಪ್ಪಳವೇ ಇಲ್ಲ. ಹಾಗಾಗಿ ಇದು ಹಳೆಯ ಪಳೆಯುಳಿಕೆ ಅಂತ ಬಹಳ ಕಾಲ ಹೇಳುತ್ತಿದ್ದರು.

2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ತೈವಾನಿನ ವಿಜ್ಞಾನಿಗಳು ಇಲಿಗಳಲ್ಲಿ ಬೇರೊಂದು ಸಂಗತಿ ಕಂಡರು. ಆ ಸ್ನಾಯು ಒಂದು ನರವನ್ನು ಕೂದಲಿನ ಬುಡದ ಕಾಂಡಕೋಶಗಳ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳ, ಹತ್ತಿರ ಹಿಡಿದಿಡುತ್ತದೆ. ಚಳಿ ಬಹಳ ಹೊತ್ತು ಮುಂದುವರಿದರೆ ಅದೇ ನರ ಕಾಂಡಕೋಶಗಳನ್ನು ಎಚ್ಚರಿಸಿ ಹೊಸ ಕೂದಲು ಬೆಳೆಯುವಂತೆ ಮಾಡುತ್ತದೆ. ಸ್ನಾಯುವನ್ನು ಇಲ್ಲವಾಗಿಸಿದಾಗ ನರ ಹಿಂದೆ ಸರಿಯಿತು, ಕೂದಲು ಬೆಳೆಯುವುದು ತಡವಾಯಿತು. ತಕ್ಷಣದ ಚಳಿಗೆ ಕೂದಲು ನಿಲ್ಲಿಸುವುದು, ಉಳಿದುಕೊಂಡ ಚಳಿಗೆ ಕೂದಲು ಬೆಳೆಸುವುದು. ಎರಡಕ್ಕೂ ಒಂದೇ ಸ್ನಾಯು.

ಗಮನಿಸಿ, ಇಲ್ಲಿ ಕೆಲಸ ಗೊತ್ತಾಗಿದ್ದು ಸ್ನಾಯುವನ್ನು ತೆಗೆದು ನೋಡಿದ್ದರಿಂದ. ಮೈಯ ವಿಷಯದಲ್ಲಿ ಮಾಡಿದವರನ್ನು ಕೇಳುವ ಹಾಗಿಲ್ಲ, ನಕ್ಷೆಯೂ ಇಲ್ಲ. ಲಾಭ ಇದೆ ಅಂತ ಅನಿಸಿದ್ದಕ್ಕೆಲ್ಲ ಉದ್ದೇಶ ಅಂತ ಹೆಸರು ಕೊಟ್ಟರೆ ಕಥೆ ಕಟ್ಟಿದಂತಾಗುತ್ತದೆ.

ನೀರಲ್ಲಿ ಬಹಳ ಹೊತ್ತು ಇದ್ದರೆ ಬೆರಳ ತುದಿ ಸುಕ್ಕಾಗುವುದನ್ನೇ ನೋಡಿ. ಚರ್ಮ ನೀರು ಕುಡಿದು ಉಬ್ಬುತ್ತದೆ, ಅದಕ್ಕೇ ಸುಕ್ಕು ಅಂತ ಎಷ್ಟೋ ಜನ ಈಗಲೂ ನಂಬುತ್ತಾರೆ. ಆದರೆ ಕೈಗೆ ಹೋಗುವ ನರ ತುಂಡಾದವರ ಬೆರಳು ನೀರಲ್ಲಿ ಸುಕ್ಕಾಗುವುದಿಲ್ಲ ಎಂದು ವೈದ್ಯರು 1930ರ ದಶಕದಲ್ಲೇ ಬರೆದಿಟ್ಟಿದ್ದರು. ಚರ್ಮ ಅದೇ, ನೀರು ಅದೇ, ನರ ಮಾತ್ರ ಇಲ್ಲ. ಅಂದಮೇಲೆ ಇದು ಚರ್ಮ ನೆನೆಯುವುದಲ್ಲ, ನರ ಮಾಡಿಸುವ ಕೆಲಸ. ನೀರು ಬೆವರಿನ ರಂಧ್ರದೊಳಗೆ ಇಳಿದಾಗ ನರಕ್ಕೆ ಸೂಚನೆ ಹೋಗುತ್ತದೆ, ಬೆರಳ ತುದಿಯ ರಕ್ತನಾಳಗಳು ಕುಗ್ಗುತ್ತವೆ, ಒಳಗಿನ ಗಾತ್ರ ತಗ್ಗುತ್ತದೆ, ಮೇಲಿನ ಚರ್ಮ ಕೆಳಕ್ಕೆ ಎಳೆದುಕೊಂಡು ಮಡಿಕೆಯಾಗುತ್ತದೆ. ನರ ಸರಿ ಇದೆಯಾ ಅಂತ ತಿಳಿಯಲು ಕೈಯನ್ನು ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ಅದ್ದಿಸಿ ನೋಡುವ ಪರೀಕ್ಷೆಯೂ ಇದರಿಂದ ಹುಟ್ಟಿತು.

ಮೈ ಇಷ್ಟು ಕಷ್ಟಪಟ್ಟು ಸುಕ್ಕು ಮಾಡುವುದು ಯಾಕೆ? ಒದ್ದೆ ವಸ್ತುಗಳನ್ನು ಹಿಡಿಯಲು ಅನುಕೂಲ ಅನ್ನುವುದು ಒಂದು ವಾದ. ಮಡಿಕೆಗಳ ಮೂಲಕ ನೀರು ಹರಿದುಹೋಗಿ ಹಿಡಿತ ಸಿಗುತ್ತದೆ ಅನ್ನುತ್ತಾರೆ. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಸುಕ್ಕುಗಟ್ಟಿದ ಬೆರಳಿದ್ದವರು ನೀರಿನೊಳಗಿನ ಗೋಲಿಗಳನ್ನು ಬೇಗ ಬೇಗ ಎತ್ತಿ ಸಾಗಿಸಿದರು. ಒಣ ಗೋಲಿಗಳಲ್ಲಿ ವ್ಯತ್ಯಾಸ ಇರಲಿಲ್ಲ. ಮುಂದಿನ ವರ್ಷ ಬೇರೊಂದು ತಂಡ ಅದನ್ನೇ ಮಾಡಿ ನೋಡಿದಾಗ ಯಾವ ಲಾಭವೂ ಕಾಣಲಿಲ್ಲ. 2021ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದ ಸುಮಾರು 500 ಜನರಲ್ಲಿ ಹಿಡಿತದ ಬಲ ಅಳೆದಾಗ, ಒದ್ದೆ ವಸ್ತುವನ್ನು ಹಿಡಿಯಲು ಸುಕ್ಕಾದ ಬೆರಳಿಗೆ ಕಡಿಮೆ ಬಲ ಸಾಕಾಯಿತು. ಸುಕ್ಕು ಹೇಗೆ ಬರುತ್ತದೆ ಅನ್ನುವುದು ಖಚಿತ. ಯಾಕೆ ಅನ್ನುವುದು ಇನ್ನೂ ಚರ್ಚೆಯಲ್ಲಿದೆ, ಸಾಕ್ಷ್ಯ ಸದ್ಯ ಹಿಡಿತದ ಕಡೆಗೆ ವಾಲಿದೆ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಮುಖ್ಯ ಅಲ್ವಾ?

ಜ್ವರದ ವಿಷಯದಲ್ಲಿ ಯಾಕೆ ಅನ್ನುವುದಕ್ಕೆ ಗಟ್ಟಿ ಉತ್ತರವಿದೆ. ಜ್ವರ ಅಂದರೆ ರೋಗಾಣು ಮೈಯನ್ನು ಬಿಸಿ ಮಾಡಿದ್ದಲ್ಲ, ಮೈ ತಾನೇ ಬಿಸಿಯಾಗಲು ತೀರ್ಮಾನಿಸಿದ್ದು. ಮೆದುಳಿನ ಹೈಪೊಥಲಮಸ್ ಭಾಗ ದೇಹದ ತಾಪದ ಗುರಿಯನ್ನು 37 ಡಿಗ್ರಿಯಿಂದ, ಉದಾಹರಣೆಗೆ, 39ಕ್ಕೆ ಏರಿಸುತ್ತದೆ. ಗುರಿ 39, ಮೈ ಇನ್ನೂ 37. ಹಾಗಾಗಿ ಮೈಗೆ ಚಳಿ ಅನಿಸುತ್ತದೆ. ನಡುಗುತ್ತೇವೆ, ಹೊದ್ದುಕೊಳ್ಳುತ್ತೇವೆ. ಜ್ವರ ಏರುವಾಗ ಮೈ ಸುಡುತ್ತಿದ್ದರೂ ಚಳಿಯಾಗುವ ಒಗಟು ಇಷ್ಟೇ. ಪ್ಯಾರಾಸಿಟಮಾಲ್ ಆ ಗುರಿಯನ್ನು ಮತ್ತೆ ಕೆಳಗೆ ಇಳಿಸುತ್ತದೆ. ಆಗ ಮೈಗೆ ಸೆಕೆ ಅನಿಸಿ ಬೆವರುತ್ತದೆ.

ಜ್ವರ ಬರುವುದರಿಂದ ನಿಜವಾಗಿ ಲಾಭ ಇದೆಯಾ ಅಂತ ತಿಳಿಯಲು ಅಮೆರಿಕದ ಮ್ಯಾಥ್ಯೂ ಕ್ಲೂಗರ್ 1975ರಲ್ಲಿ ಮರುಭೂಮಿಯ ಇಗ್ವಾನಾ ಹಲ್ಲಿಗಳನ್ನು ಆರಿಸಿಕೊಂಡರು. ಒಳ್ಳೆಯ ಆಯ್ಕೆ. ಹಲ್ಲಿಗೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ, ಸೋಂಕು ತಗುಲಿದರೆ ಬಿಸಿ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಅದರ ಜ್ವರವನ್ನು ನಾವೇ ನಿಯಂತ್ರಿಸಬಹುದು. ಸೋಂಕು ತಗುಲಿಸಿದ ಹಲ್ಲಿಗಳನ್ನು ಬೇರೆ ಬೇರೆ ಬಿಸಿಯಲ್ಲಿ ಇಟ್ಟಾಗ, ತಣ್ಣಗಿನ ಜಾಗದಲ್ಲಿದ್ದವು ಹೆಚ್ಚಾಗಿ ಸತ್ತವು, ಬೆಚ್ಚಗಿನ ಜಾಗದಲ್ಲಿದ್ದವು ಹೆಚ್ಚಾಗಿ ಬದುಕಿದವು. ಮುಂದಿನ ವರ್ಷ ಆಸ್ಪಿರಿನ್ ಜಾತಿಯ ಔಷಧ ಕೊಟ್ಟು ನೋಡಿದರು. ಔಷಧದಿಂದ ಜ್ವರ ಬಾರದೆ ಹೋದ ಹಲ್ಲಿಗಳು ಉಳಿಯಲಿಲ್ಲ. ಬಿಸಿಯಲ್ಲಿ ಎಷ್ಟೋ ರೋಗಾಣುಗಳ ಬೆಳವಣಿಗೆ ನಿಧಾನವಾಗುತ್ತದೆ, ನಮ್ಮ ರಕ್ಷಣಾ ಕೋಶಗಳು ಚುರುಕಾಗುತ್ತವೆ.

ಹಾಗಂತ ಜ್ವರ ಬಂದವರು ಔಷಧ ತೆಗೆದುಕೊಳ್ಳಬಾರದು ಅಂತಲ್ಲ. ಜ್ವರ ದುಬಾರಿ ಅಸ್ತ್ರ. ಒಂದು ಡಿಗ್ರಿ ಏರಿಸಲು ಮೈ ಸುಮಾರು ಶೇ. 10ರಷ್ಟು ಹೆಚ್ಚು ಶಕ್ತಿ ಸುಡಬೇಕು. ಎಳೆಗೂಸು, ವಯಸ್ಸಾದವರು, ಹೃದ್ರೋಗಿಗಳಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ, ಅಂಥವರಿಗೆ ಜ್ವರ ಬಂದರೆ ವೈದ್ಯರನ್ನು ಕಾಣಲೇಬೇಕು. ಹೇಳಬೇಕಾದ ಮಾತು ಇಷ್ಟು: ಥರ್ಮಾಮೀಟರಿನ ಅಂಕಿ ಏರಿತು ಅಂದ ಕೂಡಲೇ ಮೈ ಕೆಟ್ಟಿತು ಅಂತಲ್ಲ, ಮೈ ಹೋರಾಡುತ್ತಿದೆ ಅಂತ.

ಹೊಟ್ಟೆ ಗುರ್ ಅನ್ನುವುದೂ ಹೀಗೇ ತಪ್ಪಾಗಿ ಅರ್ಥವಾಗಿರುವ ಸದ್ದು. ಹಸಿವಿನಿಂದ ಹೊಟ್ಟೆ ಕೂಗುತ್ತಿದೆ ಅಂತೀವಿ. ತಿಂದದ್ದು ಕರಗಿ ಹೊಟ್ಟೆ ಖಾಲಿಯಾದ ಮೇಲೆ, ಸುಮಾರು 90 ರಿಂದ 120 ನಿಮಿಷಕ್ಕೊಮ್ಮೆ, ಜಠರದಿಂದ ಸಣ್ಣ ಕರುಳಿನ ಕೊನೆವರೆಗೆ ಬಲವಾದ ಸಂಕೋಚನದ ಅಲೆಯೊಂದು ಸಾಗುತ್ತದೆ. ಅಡುಗೆ ಮುಗಿದ ಮೇಲೆ ಅಡುಗೆಮನೆ ಗುಡಿಸಿದ ಹಾಗೆ, ಅದು ಉಳಿದ ಚೂರು, ಲೋಳೆ, ಬ್ಯಾಕ್ಟೀರಿಯಾ ಎಲ್ಲವನ್ನೂ ದೊಡ್ಡ ಕರುಳಿನ ಕಡೆಗೆ ತಳ್ಳುತ್ತದೆ. ಒಳಗಿನ ಗಾಳಿ ಮತ್ತು ದ್ರವ ಕಲಸಿಕೊಂಡು ಸದ್ದು ಬರುತ್ತದೆ. 1969ರಲ್ಲಿ ನಾಯಿಗಳಲ್ಲಿ ಈ ಅಲೆಯ ವಿವರ ಸಿಕ್ಕಿತು. ಆಮೇಲೆ ತಿಳಿದದ್ದು ಇನ್ನೂ ಮುಖ್ಯವಾದದ್ದು: ಈ ಅಲೆ ಸರಿಯಾಗಿ ಬಾರದವರ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯುತ್ತವೆ. ಏನಾದರೂ ತಿಂದ ಕೂಡಲೇ ಅಲೆ ನಿಂತುಹೋಗುತ್ತದೆ, ಕರುಳು ಜೀರ್ಣದ ಕೆಲಸಕ್ಕೆ ತಿರುಗುತ್ತದೆ. ದಿನವಿಡೀ ಏನಾದರೊಂದು ಬಾಯಾಡಿಸುತ್ತಲೇ ಇದ್ದರೆ ಗುಡಿಸಲು ಬಿಡುವೇ ಸಿಗುವುದಿಲ್ಲ.

ಮೂಗಿನ ಬಗ್ಗೆ ಒಂದೆರಡು ಮಾತು. ನೆಗಡಿ ಇಲ್ಲದಿದ್ದರೂ ಒಂದು ಹೊಳ್ಳೆ ಅರ್ಧ ಕಟ್ಟಿರುತ್ತದೆ. ಕೆಲವು ಗಂಟೆ ಕಳೆದರೆ ಅದು ಬಿಟ್ಟು ಇನ್ನೊಂದು ಕಟ್ಟುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ ಎಂಬ ವೈದ್ಯ 1895ರಲ್ಲೇ ಇದನ್ನು ವಿವರಿಸಿದ. ಗಾಳಿಯನ್ನು ತೇವ ಮಾಡುವ ಕೆಲಸದಿಂದ ಒಳಪದರ ಒಣಗುತ್ತದೆ, ಸರದಿಯ ಮೇಲೆ ಒಂದೊಂದು ಕಡೆಗೆ ವಿಶ್ರಾಂತಿ ಸಿಗುತ್ತದೆ ಎಂಬುದು ಸಾಮಾನ್ಯ ವಿವರಣೆ. 1999ರಲ್ಲಿ ಇನ್ನೊಂದು ಲಾಭ ಕಂಡಿತು. ಕೆಲವು ವಾಸನೆಗಳು ಗಾಳಿ ರಭಸವಾಗಿ ಹೋದಾಗ ಚೆನ್ನಾಗಿ ತಿಳಿಯುತ್ತವೆ, ಕೆಲವು ನಿಧಾನವಾಗಿ ಹೋದಾಗ. ಒಂದು ಹೊಳ್ಳೆ ಬಿಗಿ, ಒಂದು ಸಲೀಸು ಇದ್ದರೆ ಎರಡೂ ಬಗೆಯವು ಒಟ್ಟಿಗೆ ಸಿಗುತ್ತವೆ.

ಎಲ್ಲಕ್ಕೂ ಉದ್ದೇಶ ಇದ್ದೇ ಇರುತ್ತದೆ ಅಂತ ಹೊರಟರೂ ತಪ್ಪೇ. ಗಂಡಸರಿಗೆ ಮೊಲೆತೊಟ್ಟು ಯಾಕೆ? ಗರ್ಭದಲ್ಲಿ ಗಂಡು ಹೆಣ್ಣು ಎಂಬ ಬೇರ್ಪಾಟು ಶುರುವಾಗುವ ಮೊದಲೇ ಅದರ ಬುನಾದಿ ಬಿದ್ದಿರುತ್ತದೆ, ಅಷ್ಟೇ. ಅದರಿಂದ ನಷ್ಟವಿಲ್ಲದ ಕಾರಣ ಉಳಿದಿದೆ. ಮುಂದಕ್ಕೆ ಚಾಚಿದ ಗದ್ದ ನಮಗೆ ಮಾತ್ರ ಇದೆ, ನಮಗೆ ಹತ್ತಿರದ ಸಂಬಂಧಿಗಳಾಗಿದ್ದ ಹಳೆಯ ಮಾನವರಾದ ನಿಯಾಂಡರ್ತಾಲರಿಗೂ ಇರಲಿಲ್ಲ. ಅದು ಯಾಕೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ.

ಹೊಲದಲ್ಲಿ

ಬೇಸಾಯ ಇವೆರಡರ ನಡುವೆ ಬರುತ್ತದೆ. ಮಾಡುವವರು ಮನುಷ್ಯರೇ. ಆದರೆ ಎಷ್ಟೋ ಪದ್ಧತಿಗಳು ಮಾಡಿ ನೋಡಿ ಉಳಿದುಕೊಂಡವು. ಕಾರಣ ಆಮೇಲೆ ತಿಳಿಯಿತು.

ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುವುದನ್ನು ಕಂಡು ಭತ್ತ ನೀರಿನ ಗಿಡ ಅಂದುಕೊಳ್ಳುವುದು ಸಹಜ. ನಿಂತ ನೀರು ಇಲ್ಲದೆಯೂ ಭತ್ತ ಬೆಳೆಯುತ್ತದೆ. ನೀರು ನಿಲ್ಲಿಸುವ ದೊಡ್ಡ ಕಾರಣ ಕಳೆ. ಮುಳುಗಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಹೆಚ್ಚಿನ ಕಳೆ ಬೀಜ ಮೊಳೆಯುವುದೇ ಇಲ್ಲ. ಭತ್ತಕ್ಕೆ ಮಾತ್ರ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ಕೊಳವೆಗಳಿವೆ. ಉಳಿದವು ಉಸಿರುಗಟ್ಟುವ ಕಡೆ ಅದು ಬೆಳೆಯುತ್ತದೆ. ಸಸಿಯನ್ನು ಬೇರೆ ಕಡೆ ಬೆಳೆಸಿ ನಾಟಿ ಮಾಡುವುದರಲ್ಲೂ ಇದೇ ಲೆಕ್ಕವಿದೆ. ಕಳೆ ಹುಟ್ಟುವ ಹೊತ್ತಿಗೆ ಭತ್ತ ವಾರಗಟ್ಟಲೆ ಮುಂದಿರುತ್ತದೆ, ನೀರನ್ನೂ ತಡೆದುಕೊಳ್ಳುತ್ತದೆ. ಮಣ್ಣನ್ನು ಕೆಸರು ಮಾಡುವುದು ಆ ನೀರು ಬೇಗ ಇಂಗಿ ಹೋಗದಿರಲಿ ಅಂತ.

ಕಾರಣ ಗೊತ್ತಾದಾಗ ಪದ್ಧತಿಯನ್ನು ಬದಲಾಯಿಸಲೂ ದಾರಿ ಸಿಗುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ, ಅದು ಭೂಮಿಯ ಬಿಸಿ ಏರಿಸುತ್ತದೆ. ಕಳೆ ಹತೋಟಿಗೆ ಬಂದ ಮೇಲೆ ಸದಾ ನೀರು ನಿಂತಿರಬೇಕಾಗಿಲ್ಲ ಅಂತಾದರೆ ಸ್ವಲ್ಪ ಒಣಗಲು ಬಿಡಬಹುದಲ್ಲ? ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನೇ ಹೇಳಿಕೊಡುತ್ತದೆ. ತೂತು ಕೊರೆದ ಪೈಪೊಂದನ್ನು ಗದ್ದೆಯಲ್ಲಿ ಹೂಳಬೇಕು. ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಹಾಯಿಸಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಇದರಿಂದ ನೀರೂ ಉಳಿಯುತ್ತದೆ, ಮೀಥೇನೂ ಕಡಿಮೆಯಾಗುತ್ತದೆ.

ದ್ವಿದಳ ಧಾನ್ಯ ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಅಂತ ರೈತರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಬೇರಿನ ಗಂಟುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ ಅಂತ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿಕೊಟ್ಟದ್ದು 1880ರ ದಶಕದಲ್ಲಿ. ಇದನ್ನು ನೀವೇ ಕಣ್ಣಾರೆ ನೋಡಬಹುದು. ಹೂ ಬಿಡುವ ಹೊತ್ತಿನ ಅಲಸಂದೆಯ ಅಥವಾ ಶೇಂಗಾದ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಇಲ್ಲವೇ ಕೆಂಪು ಬಣ್ಣ ಇದ್ದರೆ ಕಾರ್ಖಾನೆ ನಡೆಯುತ್ತಿದೆ ಅಂತ ಅರ್ಥ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಕೆಲಸ ಮಾಡದ ಬ್ಯಾಕ್ಟೀರಿಯಾ ಸೇರಿಕೊಂಡಿವೆ. ಹಸಿರೋ ಕಂದೋ ಆಗಿದ್ದರೆ ಕಾಲ ಮುಗಿದಿದೆ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯೇ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಹಾಳಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಈ ಕೆಂಪು ವಸ್ತು ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಬೇಕಾದಷ್ಟೇ ಬಿಡುತ್ತದೆ.

ತರಕಾರಿ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಅಥವಾ ಮೆಕ್ಕೆಜೋಳ ಹಾಕುವುದು ಬರೀ ಬೇಲಿಗಲ್ಲ. ಗಿಡಹೇನುಗಳು ಹಾರಿ ಬಂದು ಮೊದಲು ಇಳಿಯುವುದು ಹೊಲದ ಅಂಚಿನ ಎತ್ತರದ ಗಿಡಗಳ ಮೇಲೆ. ಮೊಸಾಯಿಕ್‌ನಂಥ ಎಷ್ಟೋ ನಂಜುರೋಗಗಳ ವೈರಸ್ ಅವುಗಳ ಬಾಯಿಸೂಜಿಯ ತುದಿಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಜೋಳದ ಎಲೆಗೆ ಒಂದೆರಡು ಸಲ ಚುಚ್ಚಿ ರುಚಿ ನೋಡುವಷ್ಟರಲ್ಲಿ ಅದು ಒರೆಸಿಹೋಗುತ್ತದೆ. ತರಕಾರಿಯ ಈ ವೈರಸ್ಸುಗಳು ಹೆಚ್ಚಿನವು ಜೋಳಕ್ಕೆ ತಗುಲುವುದಿಲ್ಲ. ಹೇನು ಒಳಗಿನ ಗಿಡಕ್ಕೆ ಬರುವಾಗ ಅದರ ಸೂಜಿ ಚೊಕ್ಕಟವಾಗಿರುತ್ತದೆ. ಕೀಟನಾಶಕ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದಿರಲು ಕಾರಣವೂ ಇದೇ. ಹೇನು ಸಾಯುವ ಮೊದಲೇ, ಮೊದಲ ಚುಚ್ಚಿನಲ್ಲೇ ವೈರಸ್ ದಾಟಿರುತ್ತದೆ.

ದನಗಳಿಗೆ ಅಯಸ್ಕಾಂತ ನುಂಗಿಸುತ್ತಾರೆ ಅಂದರೆ ಮೊದಲು ಯಾರೂ ನಂಬುವುದಿಲ್ಲ. ದನ ಮೇವನ್ನು ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಹಾಗಾಗಿ ಮೊಳೆ, ತಂತಿಯ ತುಂಡು ಸಲೀಸಾಗಿ ಒಳಗೆ ಹೋಗುತ್ತವೆ. ಭಾರದ ವಸ್ತುಗಳು ಹೋಗಿ ಕೂರುವುದು ಎರಡನೇ ಹೊಟ್ಟೆಯಲ್ಲಿ. ಅದರ ಮುಂದೆಯೇ ಹೃದಯ. ಹೊಟ್ಟೆ ಹಿಂಡಿದಾಗ ತಂತಿ ಗೋಡೆ ತೂರಿ ಹೃದಯದ ಚೀಲಕ್ಕೆ ಚುಚ್ಚಬಹುದು. ಬೆರಳುದ್ದದ ನುಣುಪಾದ ಅಯಸ್ಕಾಂತ ಒಂದನ್ನು ನುಂಗಿಸಿದರೆ ಅದು ಅದೇ ಹೊಟ್ಟೆಯಲ್ಲಿ ಜೀವನಪೂರ್ತಿ ಉಳಿಯುತ್ತದೆ, ಕಬ್ಬಿಣದ ಚೂರುಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ಚುಚ್ಚದಂತೆ ನೋಡಿಕೊಳ್ಳುತ್ತದೆ. ಒಳಗೆ ಈಗಾಗಲೇ ಒಂದು ಇದೆಯೇ ಅಂತ ತಿಳಿಯಲು ಪಶುವೈದ್ಯರು ದಿಕ್ಸೂಚಿಯನ್ನು ದನದ ಎದೆಯ ಹತ್ತಿರ ಹಿಡಿದು ನೋಡುವುದುಂಟು.

ಇವೆಲ್ಲಕ್ಕಿಂತ ಕಷ್ಟದ್ದು, ಬೇಕೆಂದೇ ಹುಳಕ್ಕೆ ಬೆಳೆ ಬಿಟ್ಟುಕೊಡುವ ಪದ್ಧತಿ. ಬಿಟಿ ಹತ್ತಿಯ ಗಿಡ ಕಾಯಿಕೊರಕ ಹುಳವನ್ನು ಕೊಲ್ಲುವ ವಿಷವನ್ನು ತಾನೇ ತಯಾರಿಸುತ್ತದೆ. ಅದರ ಪಕ್ಕದಲ್ಲಿ ವಿಷವಿಲ್ಲದ ಮಾಮೂಲಿ ಹತ್ತಿಯನ್ನು ಕೆಲವು ಸಾಲು ಹಾಕಿ ಅಂತ ಹೇಳುತ್ತಾರೆ. ಹುಳ ತಿಂದು ಹೋಗುವ ಸಾಲು. ಯಾರಿಗೆ ಮನಸ್ಸು ಬರುತ್ತದೆ?

ಲೆಕ್ಕ ಹೀಗಿದೆ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ವಿಷ ತಡೆದುಕೊಳ್ಳುವ ಗುಣ ಹುಟ್ಟಿನಿಂದ ಇರುತ್ತದೆ. ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಹೊಲದಲ್ಲಿ ಬರೀ ಬಿಟಿ ಇದ್ದರೆ ಉಳಿಯುವುದು ಆ ಒಂದೆರಡೇ. ಅವು ತಮ್ಮತಮ್ಮಲ್ಲೇ ಕೂಡುತ್ತವೆ, ಮರಿಗಳೆಲ್ಲ ವಿಷಕ್ಕೆ ಬಗ್ಗದವು. ಪಕ್ಕದಲ್ಲಿ ಮಾಮೂಲಿ ಹತ್ತಿ ಇದ್ದರೆ ಅಲ್ಲಿ ಸಾವಿರಾರು ಸಾಧಾರಣ ಪತಂಗಗಳು ಬೆಳೆಯುತ್ತವೆ. ಉಳಿದುಕೊಂಡ ಆ ಒಂದೆರಡು ಕೂಡುವುದು ಇವುಗಳ ಜೊತೆ. ಮರಿಗೆ ಒಂದೇ ಕಡೆಯಿಂದ ಗುಣ ಬಂದಿರುತ್ತದೆ, ಬಿಟಿ ಗಿಡ ತಿಂದರೆ ಸಾಯುತ್ತದೆ. ಬಿಟ್ಟುಕೊಟ್ಟ ಸಾಲು ವಿಷದ ಆಯಸ್ಸನ್ನು ಕಾಯುತ್ತದೆ.

ಇದನ್ನು ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಎರಡು ದೇಶಗಳ ಅನುಭವವೇ ಇದೆ. ಭಾರತದಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಮಾಮೂಲಿ ಬೀಜದ ಬೇರೆ ಪೊಟ್ಟಣ ಕೊಡುತ್ತಿದ್ದರು. ಹೆಚ್ಚಿನವರು ಅದನ್ನು ಬಿತ್ತಲಿಲ್ಲ. ತಮ್ಮ ಹೊಲದಲ್ಲೇ ಹುಳ ಸಾಕಿ ಅಂದರೆ ಒಪ್ಪುವುದು ಸುಲಭವಲ್ಲ, ಕಾರಣವನ್ನು ಬಿಡಿಸಿ ಹೇಳಿದವರೂ ಕಡಿಮೆ. ಗುಲಾಬಿ ಕಾಯಿಕೊರಕ ಬಿಟಿಯ ಮೊದಲ ವಿಷವನ್ನು ಗುಜರಾತಿನಲ್ಲಿ ಮೀರಿದ್ದು 2010ರ ಹೊತ್ತಿಗೆ ಖಚಿತವಾಯಿತು. ಎರಡು ವಿಷಗಳಿರುವ ತಳಿಯನ್ನೂ ಕೆಲವೇ ವರ್ಷಗಳಲ್ಲಿ ಅದು ಮೀರಿತು. ಅಮೆರಿಕದ ಅರಿಜೋನಾದಲ್ಲಿ 1996ರಿಂದ ಮಾಮೂಲಿ ಹತ್ತಿಯ ಸಾಲುಗಳನ್ನು ಬಿಟ್ಟೇ ಬಿಟಿ ಬೆಳೆದರು. ಹತ್ತು ವರ್ಷ ಕಳೆದರೂ ಅದೇ ಹುಳ ಅದೇ ವಿಷಕ್ಕೆ ಸಾಯುತ್ತಿತ್ತು. ಆಮೇಲೆ ಸಂತಾನಶಕ್ತಿ ಇಲ್ಲದಂತೆ ಮಾಡಿದ ಪತಂಗಗಳನ್ನು ದೊಡ್ಡ ಪ್ರಮಾಣದಲ್ಲಿ ಹಾರಿಬಿಟ್ಟರು, ಕೂಡಿದರೂ ಮರಿಯಾಗದ ಹಾಗೆ. 2018ರಲ್ಲಿ ಅಮೆರಿಕದ ಹತ್ತಿ ಪ್ರದೇಶಗಳಲ್ಲಿ ಗುಲಾಬಿ ಕಾಯಿಕೊರಕ ಇಲ್ಲವಾಗಿದೆ ಎಂದು ಅಲ್ಲಿನ ಕೃಷಿ ಇಲಾಖೆ ಘೋಷಿಸಿತು.